ಟಿಕೇಟು ಕೊಳ್ಳುವವರ ಹೊಣೆ

ಚಲನಚಿತ್ರಗಳಲ್ಲಿ ಸ್ತ್ರೀಯ ಚಿತ್ರಣವು ಹೀನವಾಗುತ್ತಿದೆಯೆಂದು ಕೊರಗುವ ಸದ್ಗೃಹಸ್ಥರು ಅನೇಕರಿದ್ದಾರೆ. ಕೊರಗು ಪ್ರಾಮಾಣಿಕವಾದುದೇ. ಆದರೆ ಅದೇ ಗೃಹಸ್ಥರು ಹಬ್ಬದ ರಜೆಯಲ್ಲಿ ಸಂಸಾರಸಮೇತರಾಗಿ ಟಿಕೇಟು ಕೊಳ್ಳುವುದು ಯಾವ ಚಿತ್ರಕ್ಕೆ? ಕೇಳಿದರೆ ಸಿದ್ಧವಾದ ಉತ್ತರವೊಂದಿದೆ: ತೋರಿಸಿದ್ದನ್ನು ನೋಡುತ್ತೇವೆ, ತಯಾರಿಸುವವರು ತಿದ್ದಿಕೊಳ್ಳಲಿ. ಇದು ವ್ಯಾಪಾರದ ಮೊದಲ ಪಾಠವನ್ನೇ ಮರೆತ ಮಾತು. ಗಿರಾಕಿ ಕೇಳದ ಸರಕನ್ನು ಯಾವ ಅಂಗಡಿಯವನೂ ಎರಡನೆಯ ಬಾರಿ ತರಿಸುವುದಿಲ್ಲ. ಕೇಳಿ ಕೊಂಡದ್ದನ್ನು, ಅದೆಷ್ಟೇ ಕಳಪೆಯಾಗಿರಲಿ, ತರಿಸದೆ ಬಿಡುವುದೂ ಇಲ್ಲ.

ಸ್ತ್ರೀಯರಿಗೆ ನಿರ್ದೇಶನ ಒಲಿಯದೆಂಬ ವಾದವಂತೂ ಕ್ಷಣಮಾತ್ರವೂ ನಿಲ್ಲದು. ಮೂಕಿ ಚಿತ್ರಗಳ ಕಾಲದಲ್ಲಿ, 1926ರಷ್ಟು ಹಿಂದೆಯೇ, ಫಾತ್ಮಾ ಬೇಗಂ ‘ಬುಲ್‌ಬುಲ್-ಎ-ಪರಿಸ್ತಾನ್’ ನಿರ್ದೇಶಿಸಿದ್ದರು. ಕನ್ನಡದಲ್ಲಿ ಪ್ರೇಮಾ ಕಾರಂತರು ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನಾಧರಿಸಿ 1983ರಲ್ಲಿ ‘ಫಣಿಯಮ್ಮ’ ನೀಡಿದರು. ಬಾಲವಿಧವೆಯ ಬಾಳನ್ನು ಕಣ್ಣೀರಿನ ಸರಕಾಗಿ ಮಾರದ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಅನಂತರ ಕವಿತಾ ಲಂಕೇಶರ ‘ದೇವೀರಿ’ (1999), ವೈದೇಹಿಯವರ ಕಥೆಗಳಿಂದ ಚಂಪಾ ಶೆಟ್ಟಿ ರೂಪಿಸಿದ ‘ಅಮ್ಮಚ್ಚಿಯೆಂಬ ನೆನಪು’ (2018), ರೂಪಾ ರಾವ್ ಅವರ ‘ಗಂಟುಮೂಟೆ’ (2019). ನೂರಾರು ಚಿತ್ರಗಳು ಹುಡುಗನ ಕಡೆಯಿಂದಲೇ ಹೇಳಿದ ಶಾಲಾದಿನಗಳ ಪ್ರೇಮವನ್ನು ಈ ಕಡೆಯ ಚಿತ್ರ ಹುಡುಗಿಯ ಕಣ್ಣಿನಿಂದ ನೋಡಿತು. ಕೊರಗುವ ಮನೆಗಳಲ್ಲಿ ಇವುಗಳಲ್ಲೊಂದನ್ನಾದರೂ ಹಣ ತೆತ್ತು ಚಿತ್ರಮಂದಿರದಲ್ಲಿ ನೋಡಿದವರೆಷ್ಟು ಮಂದಿ?

ಒಳ್ಳೆಯದಾಗಿದ್ದರೆ ತಾನಾಗಿ ಓಡುತ್ತದೆ ಎನ್ನುವವರು ಚಿತ್ರಮಂದಿರದ ಲೆಕ್ಕವನ್ನರಿಯರು. ಶುಕ್ರವಾರ ತೆರೆಕಂಡ ಚಿತ್ರದ ಭವಿಷ್ಯ ಭಾನುವಾರ ರಾತ್ರಿಯ ಗಳಿಕೆಯಿಂದಲೇ ಬಹುಮಟ್ಟಿಗೆ ನಿರ್ಣಯವಾಗುತ್ತದೆ. ಸೋಮವಾರ ಪ್ರದರ್ಶನಗಳು ಕಡಿಮೆಯಾಗುತ್ತವೆ. ಉಳಿದದ್ದು ಬೆಳಗಿನ ಒಂದು ಆಟವಾದರೆ ದುಡಿಯುವವರಿಗೂ ಗೃಹಿಣಿಯರಿಗೂ ಅದು ಇದ್ದೂ ಇಲ್ಲದಂತೆ. ಬಾಯಿಮಾತಿನ ಕೀರ್ತಿ ಹರಡುವಷ್ಟರಲ್ಲಿ ಚಿತ್ರವೇ ಇರುವುದಿಲ್ಲ. ಕಿರಣ್ ರಾವ್ ಅವರ ‘ಲಾಪತಾ ಲೇಡೀಸ್’ 2024ರ ಮಾರ್ಚ್‌ನಲ್ಲಿ ಬಂದಾಗ ಮೊದಲ ದಿನದ ಗಳಿಕೆ 1 ಕೋಟಿಯನ್ನೂ ಮುಟ್ಟಲಿಲ್ಲ. ವಾರಗಳು ಕಳೆದಂತೆ ಅದು 20 ಕೋಟಿ ದಾಟಿತು. ಅಷ್ಟು ಕಾಲ ಕಾಯಲು ಆಮಿರ್ ಖಾನ್ ಅವರಂತಹ ನಿರ್ಮಾಪಕರ ಬಲವಿತ್ತು. ಸಾಲ ಮಾಡಿ ಮೊದಲ ಚಿತ್ರ ತೆಗೆದ ಹೆಣ್ಣುಮಗಳಿಗೆ ಯಾರು ಕಾಯುತ್ತಾರೆ?

ಹಾಗಾದರೆ ಸ್ತ್ರೀ ನಿರ್ದೇಶಿಸಿದಳೆಂಬ ಕಾರಣಕ್ಕೇ ಕೆಟ್ಟ ಚಿತ್ರವನ್ನೂ ಸಹಿಸಬೇಕೇ ಎಂಬ ಆಕ್ಷೇಪ ಬರುವುದು ಸಹಜ. ಬೇಕಾಗಿಲ್ಲ. ಇಲ್ಲಿ ಕೇಳುತ್ತಿರುವುದು ದಾನವಲ್ಲ, ಕೊಳ್ಳುವಿಕೆ. ದಾನವೆಂದರೆ ಅದು ಕಲಾವಿದೆಗೆ ಅವಮಾನವೇ ಸರಿ. ಆದರೆ ತಕ್ಕಡಿ ಒಂದೇ ಆಗಿರಬೇಡವೇ? ಪುರುಷನ ಚಿತ್ರ ನಷ್ಟ ಕಂಡರೆ ಆ ಚಿತ್ರ ಸೋತಿತೆನ್ನುತ್ತಾರೆ, ಮತ್ತೆ ಬಂಡವಾಳ ಹುಟ್ಟುತ್ತದೆ. ಸ್ತ್ರೀಯ ಚಿತ್ರ ನಷ್ಟ ಕಂಡರೆ ಸ್ತ್ರೀಯರೇ ಸೋತರೆನ್ನುತ್ತಾರೆ. ಆಸ್ಕರ್‌ನಂತಹ ಪ್ರಶಸ್ತಿಯೂ ಶ್ರೇಷ್ಠ ನಿರ್ದೇಶನಕ್ಕಾಗಿ ಮಹಿಳೆಯೊಬ್ಬರನ್ನು ಮೊದಲು ಗುರುತಿಸಿದ್ದು 2010ರಲ್ಲಿ, ತನ್ನ 82ನೆಯ ಸಮಾರಂಭದಲ್ಲಿ!

ಇನ್ನು ಮನೆಯ ವಿಚಾರ. ಯಾವ ಚಿತ್ರಕ್ಕೆ ಹೋಗಬೇಕೆಂಬ ತೀರ್ಮಾನ ಬಹುತೇಕ ಮನೆಗಳಲ್ಲಿ ಯಜಮಾನನದು, ತಪ್ಪಿದರೆ ಮಗನದು. ತಾಯಿ, ಸೊಸೆ, ಮಗಳು ಸೀರೆಯ ಬಣ್ಣ ಆರಿಸುತ್ತಾರೆಯೇ ಹೊರತು ಚಿತ್ರವನ್ನಲ್ಲ. ಅವರನ್ನೊಮ್ಮೆ ಕೇಳಲಿ. ಜಾಹೀರಾತಿನಲ್ಲಿ ನಿರ್ದೇಶಕರ ಹೆಸರು ನಾಯಕನಟನ ಮುಖದ ಕೆಳಗೆ ಸಣ್ಣ ಅಕ್ಷರಗಳಲ್ಲಿರುತ್ತದೆ. ಕನ್ನಡಕ ಧರಿಸಿಯಾದರೂ ಅದನ್ನು ಓದಿ, ಆ ಶುಕ್ರವಾರವೋ ಶನಿವಾರವೋ ಹೊರಡಬೇಕು. ಮುಂದಿನ ವಾರಕ್ಕೆ ಆ ಚಿತ್ರ ಅಲ್ಲಿರದು.