ಕರೆಂಟ್ ಹೋದದ್ದು ಇಲಾಖೆಯ ಪರದೆಯಲ್ಲಿ ಎಲ್ಲಿವರೆಗೆ ಕಾಣತ್ತೆ?

ಸಂಜೆ ವ್ಯಾಪಾರದ ಹೊತ್ತು. ಪೇಟೆ ಬೀದಿಯ ಒಂದು ಸಾಲಿಗೆ ಕರೆಂಟ್ ಇಲ್ಲ, ಎದುರು ಸಾಲಿನ ಬೇಕರಿಯಲ್ಲಿ ಲೈಟು ಉರೀತಿದೆ. ‘ಅವರಿಗೆ ಗೊತ್ತಾಗಿರತ್ತೆ ಬಿಡಿ, ಈಗೆಲ್ಲ ಕಂಪ್ಯೂಟರ್ ಅಲ್ವಾ’ ಅಂತ ಎಲ್ಲರೂ ಕಾಯುತ್ತಾರೆ. ಗಂಟೆ ಕಳೆದರೂ ಲೈನ್‌ಮನ್ ಬರಲ್ಲ. ಎಷ್ಟೋ ಸಲ ಕಾರಣ ಸೋಮಾರಿತನ ಅಲ್ಲ. ವಿಷಯ ಅವರಿಗೆ ಗೊತ್ತೇ ಆಗಿರುವುದಿಲ್ಲ.

ಕಂಪ್ಯೂಟರ್ ಇರುವುದು ನಿಜ. ರಾಜ್ಯದ ವಿದ್ಯುತ್ ಜಾಲವನ್ನು ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ದೊಡ್ಡ ಪರದೆಗಳ ಮೇಲೆ ಹಗಲು ರಾತ್ರಿ ನೋಡುತ್ತಿರುತ್ತಾರೆ. ಸ್ಟೇಷನ್ನು, ಲೈನು, ಬ್ರೇಕರ್ ಎಲ್ಲ ಗೆರೆ ಚಿತ್ರಗಳಾಗಿ ಕಾಣುತ್ತವೆ. ಇಲ್ಲಿ ಸಾಮಾನ್ಯವಾಗಿ ಕೆಂಪು ಎಂದರೆ ಚಾಲೂ, ಹಸಿರು ಎಂದರೆ ಬಂದ್. ಟ್ರಾಫಿಕ್ ಸಿಗ್ನಲ್‌ಗೆ ಪೂರಾ ಉಲ್ಟಾ. ಎಲ್ಲಕ್ಕಿಂತ ಮುಖ್ಯವಾದ ಅಂಕಿ ಫ್ರೀಕ್ವೆನ್ಸಿ. ಅದು 49.90ರಿಂದ 50.05 ಹರ್ಟ್ಸ್ ಒಳಗಿರಬೇಕು. ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮೇಲೆ ಮೋಡ ಕವಿದರೂ ಲೆಕ್ಕ ಬದಲಾಗತ್ತೆ.

ಈ ಕಣ್ಣು ಮಂಜಾದರೆ ಏನಾಗತ್ತೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. 2003ರ ಆಗಸ್ಟ್ 14ರಂದು ಓಹಿಯೋ ರಾಜ್ಯದ ಒಂದು ಕಂಟ್ರೋಲ್ ರೂಮಿನಲ್ಲಿ ಅಲಾರಂ ಸಾಫ್ಟ್‌ವೇರ್ ಸದ್ದಿಲ್ಲದೆ ನಿಂತುಹೋಯಿತು. ಮರಕ್ಕೆ ತಾಗಿ ಲೈನುಗಳು ಒಂದೊಂದಾಗಿ ಬೀಳುತ್ತಿದ್ದರೂ ಪರದೆ ಶಾಂತ. ಪಕ್ಕದ ಕಂಪನಿಯವರು ಫೋನ್ ಮಾಡಿದರೂ ನಂಬಿಕೆ ಬರಲಿಲ್ಲ. ಸಂಜೆಯ ಹೊತ್ತಿಗೆ ಅಮೆರಿಕ, ಕೆನಡಾ ಸೇರಿ ಸುಮಾರು 5 ಕೋಟಿ ಜನ ಕತ್ತಲಲ್ಲಿದ್ದರು. ನಮ್ಮಲ್ಲಿ 2012ರ ಜುಲೈ 30, 31ರಂದು ಉತ್ತರ ಭಾರತದ ಗ್ರಿಡ್ ಕುಸಿದಾಗ ಕರ್ನಾಟಕ ಬಚಾವಾಯಿತು, ಏಕೆಂದರೆ ಆಗ ದಕ್ಷಿಣದ ಗ್ರಿಡ್ ಬೇರೆಯೇ ಇತ್ತು. 2013ರ ಡಿಸೆಂಬರ್ 31ಕ್ಕೆ ರಾಯಚೂರು-ಸೊಲ್ಲಾಪುರ ಲೈನ್ ಚಾಲೂ ಆದ ಮೇಲೆ ನಾವೂ ಆ ಜಾಲದ ಭಾಗವೇ.

ಹೀಗೆ ದೊಡ್ಡ ಲೈನಿನ ಮೇಲೆ ಕಣ್ಣು ನೆಟ್ಟಿದೆ. ಆದರೆ ತಾಲ್ಲೂಕು ಮಟ್ಟಕ್ಕೆ ಇಳಿದಂತೆ ಚಿತ್ರ ತೆಳ್ಳಗಾಗುತ್ತ ಹೋಗತ್ತೆ. ಸಬ್‌ಸ್ಟೇಷನ್‌ನಿಂದ ಹೊರಡುವ 11 ಕೆವಿ ಫೀಡರ್ ಟ್ರಿಪ್ ಆದರೆ ಅಲ್ಲಿನ ಆಪರೇಟರ್‌ಗೆ ತಕ್ಷಣ ತಿಳಿಯತ್ತೆ. ಅದೇ ಫೀಡರ್‌ನ ಒಂದು ಟಿಸಿಯ ಫ್ಯೂಸ್ ಹೋದರೆ ಫೀಡರ್ ಚಾಲೂ ಇರತ್ತೆ, ಲೋಡ್ ಕೊಂಚ ಇಳಿಯತ್ತೆ ಅಷ್ಟೇ. ಮನೆಗಳವರು ಟಿವಿ ಆಫ್ ಮಾಡಿದರೂ ಲೋಡ್ ಹಾಗೇ ಇಳಿಯೋದು! ಪೇಟೆಯ ಆ ಸಾಲಿನ ಕತ್ತಲು ಅಲ್ಲಿ ಕಾಣುವ ಬಗೆಯೇ ಇಲ್ಲ.

ಅಲ್ಲಿಗೆ ಮೊದಲ ಸುದ್ದಿ ತಲುಪಿಸುವುದು ಗ್ರಾಹಕರ ಫೋನ್. 1912ಕ್ಕೆ ಕರೆ ಮಾಡಿದಾಗ ಆರ್‌ಆರ್ ನಂಬರ್ ಕೇಳಿದರೆ ಅದು ಕಾಟಾಚಾರವಲ್ಲ. ಅಂಗಡಿ ಯಾವ ಟಿಸಿಗೆ ಸೇರಿದ್ದು ಎಂದು ಹುಡುಕುವುದು ಅದರಿಂದಲೇ. ಆ ದಾಖಲೆ ಹಳೆಯದಾಗಿದ್ದರೆ ಲೈನ್‌ಮನ್ ಬೇರೆ ಬೀದಿಗೆ ಹೋಗುತ್ತಾನೆ. ಇದು ಗ್ರಾಹಕರ ತಪ್ಪಲ್ಲ, ಎಸ್ಕಾಂಗಳು ಸರಿಪಡಿಸಬೇಕಾದ್ದು.

ಸ್ಮಾರ್ಟ್ ಮೀಟರ್ ಕರೆಂಟ್ ಹೋದ ಕ್ಷಣವೇ ಸಂದೇಶ ಕಳಿಸಬಲ್ಲದು. ಬೆಲೆಯ ಜಗಳದಲ್ಲಿ ಈ ಮಾತು ಹಿಂದೆ ಬಿತ್ತು. ಹೊಸ ಮೀಟರ್‌ಗೆ ದುಡ್ಡು ಕಟ್ಟುವವರು ಸಬ್‌ಡಿವಿಷನ್ ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆ ಸಂದೇಶ ಇಲ್ಲಿ ಯಾರ ಪರದೆಗೆ ಬರತ್ತೆ, ರಾತ್ರಿ ಪಾಳಿಯಲ್ಲಿ ಅದನ್ನು ನೋಡೋರು ಯಾರು?