ನ್ಸಾಲಾನ ಫೋಟೋ ಮತ್ತು 110 ಕಡ್ಡಿಗಳು

ಜಗಲಿಯ ಮೇಲೆ ಕೂತ ಆಫ್ರಿಕಾದ ಒಬ್ಬ ಮನುಷ್ಯ. ಅವನ ಮುಂದೆ ಒಂದು ಪುಟ್ಟ ಕೈ, ಒಂದು ಪುಟ್ಟ ಪಾದ. ಈ ಕಪ್ಪುಬಿಳುಪು ಫೋಟೋ ನಿಮಗೂ ಯಾರಾದರೂ ಕಳಿಸಿರುತ್ತಾರೆ. ಹೆಸರಿಲ್ಲ, ಊರಿಲ್ಲ, ಇಸವಿ ಇಲ್ಲ. ಮೊನ್ನೆ ಒಬ್ಬ ಮಹಾಶಯರು ಇದನ್ನು "ಮಿಷನರಿಗಳ ಕ್ರೌರ್ಯ" ಅಂತಲೇ ಹಾಕಿದ್ದರು. ಮೈಯೆಲ್ಲಾ ಉರಿದುಹೋಯಿತು ನನಗೆ.

ಸ್ವಾಮಿ, ಆ ಫೋಟೋ ತೆಗೆದದ್ದೇ ಮಿಷನರಿ! ಆಲಿಸ್ ಸೀಲಿ ಹ್ಯಾರಿಸ್ ಅನ್ನೋ ಇಂಗ್ಲಿಷ್ ಹೆಂಗಸು. ಕಾಂಗೋದ ಬಾರಿಂಗಾ, 1904ರ ಮೇ ತಿಂಗಳು. ಕೂತವನ ಹೆಸರು ನ್ಸಾಲಾ. ಮಗಳು ಬೋಆಲಿ, ವಯಸ್ಸು ಐದರ ಆಸುಪಾಸು. ಆಗ ಕಾಂಗೋ ಇಡೀ ದೇಶವೇ ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡನ ಖಾಸಗಿ ಆಸ್ತಿ. ರಬ್ಬರ್ ಕಂಪನಿಯ ಕಾವಲುಗಾರರು ಮಗುವನ್ನು ಕೊಂದಿದ್ದರು. ಉಳಿದದ್ದನ್ನು ಎಲೆಯಲ್ಲಿ ಸುತ್ತಿಕೊಂಡು ಅಪ್ಪ ಮಿಷನ್ ಮನೆಗೆ ಬಂದಿದ್ದ. ಆಕೆ ಅವನನ್ನು ಜಗಲಿಯಲ್ಲಿ ಕೂರಿಸಿ ಫೋಟೋ ತೆಗೆದಳು. ಕೂರಿಸಿ ತೆಗೆದದ್ದು ಅಂದಮಾತ್ರಕ್ಕೆ ಸುಳ್ಳಾಗೋದಿಲ್ಲ.

"ನೋಡಿದ್ರಾ, ಮಿಷನರಿಗಳು ಎಂಥಾ ಪುಣ್ಯಾತ್ಮರು" ಅಂತ ಈಗ ಆ ಕಡೆಯವರು ಕುಣಿಯೋದು ಬೇಡ. ಸ್ವಲ್ಪ ತಡೀರಿ.

ಈ ಚಿತ್ರಗಳು ಮ್ಯಾಜಿಕ್ ಲ್ಯಾಂಟರ್ನ್ ಸ್ಲೈಡುಗಳಾಗಿ ಬ್ರಿಟನ್ನಿನ ಸಭೆಗಳಿಗೆ ಹೋದವು. 60 ಸ್ಲೈಡು, ಜೊತೆಗೆ ಓದಲು ಅಚ್ಚುಹಾಕಿದ ಭಾಷಣ. ಪರಿಣಾಮ ಸಣ್ಣದಲ್ಲ. 1905ರಲ್ಲಿ ಮಾರ್ಕ್ ಟ್ವೇನ್ ಬರೆದ ವಿಡಂಬನೆಯಲ್ಲಿ ಲಿಯೋಪೋಲ್ಡ್ ಗೋಳಾಡೋದೇ ಕೊಡಾಕ್ ಕ್ಯಾಮೆರಾಕ್ಕೆ ಲಂಚ ಕೊಡೋಕಾಗಲಿಲ್ಲ ಅಂತ. 1908ರಲ್ಲಿ ದೊರೆ ಕಾಂಗೋ ಬಿಟ್ಟುಕೊಡಬೇಕಾಯಿತು. ಯಾರಿಗೆ? ಬೆಲ್ಜಿಯಂ ಸರ್ಕಾರಕ್ಕೆ! ಕಾಂಗೋದವರಿಗೆ ಅಂತೂ ಅಲ್ಲ, ಅದಕ್ಕೆ 1960ರ ತನಕ ಕಾಯಬೇಕಾಯಿತು. ಆ ಚಳವಳಿ ಕೇಳಿದ್ದೂ ಒಳ್ಳೆಯ ಯಜಮಾನನನ್ನೇ. ಪರದೆಯ ಮೇಲೆ ನ್ಸಾಲಾ ಸುಮ್ಮನೆ ಕೂತಿರುತ್ತಿದ್ದ, ಮಾತೆಲ್ಲ ಪಕ್ಕದಲ್ಲಿ ನಿಂತ ಬಿಳಿಯರದ್ದು. ನೋಡಿದವರಿಗೆ ಕನಿಕರ ಹುಟ್ಟಿತು. ಅವನಿಗೂ ಹೇಳೋಕೆ ಏನೋ ಇರಬಹುದು ಅಂತ ಅನ್ನಿಸೋಕೆ ಆ ಸಭೆಗಳಲ್ಲಿ ದಾರಿಯೇ ಇರಲಿಲ್ಲ.

ಹಾಗಂತ ಕಾಂಗೋದವರು ಮಾತಾಡಲೇ ಇಲ್ವಾ? ಮಾತಾಡಿದ್ದರು. ಒತ್ತಡ ತಾಳಲಾರದೆ ಲಿಯೋಪೋಲ್ಡ್ ನೇಮಿಸಿದ ವಿಚಾರಣಾ ಆಯೋಗ 1904-05ರಲ್ಲಿ ಕಾಂಗೋಕ್ಕೆ ಹೋಗಿತ್ತು. ಅದರ ಮುಂದೆ ಲೊಂಟುಲು ಅನ್ನೋ ಮುಖ್ಯಸ್ಥ 110 ಕಡ್ಡಿಗಳನ್ನು ತಂದು ಮೇಜಿನ ಮೇಲಿಟ್ಟ. ಸತ್ತ ಒಬ್ಬೊಬ್ಬರಿಗೆ ಒಂದೊಂದು. ಮುಖಂಡರು, ಗಂಡಸರು, ಹೆಂಗಸರು, ಮಕ್ಕಳು ಅಂತ ನಾಲ್ಕು ಗುಡ್ಡೆ ಮಾಡಿ, ಒಂದೊಂದೇ ಕಡ್ಡಿಗೆ ಒಂದೊಂದು ಹೆಸರು ಹೇಳಿದ.

ಆ ಹೇಳಿಕೆಗಳ ದಾಖಲೆ ಬ್ರಸೆಲ್ಸಿನ ಸರ್ಕಾರಿ ಪತ್ರಾಗಾರದಲ್ಲಿ ಸಾರ್ವಜನಿಕರ ಕೈಗೆ ಸಿಗದಂತೆ 1980ರ ದಶಕದವರೆಗೂ ಬಿದ್ದಿತ್ತು. ಬಚ್ಚಿಟ್ಟವರು ಮಿಷನರಿಗಳಲ್ಲ, ನಿಜ. ಸಾಕ್ಷಿಗಳನ್ನು ಆಯೋಗದ ಮುಂದೆ ಕರೆತಂದವರಲ್ಲಿ ಆಲಿಸಳ ಗಂಡ ಜಾನ್ ಹ್ಯಾರಿಸ್ ಕೂಡ ಇದ್ದ, ಇದನ್ನೂ ಹೇಳಬೇಕು. ಆದರೆ ಊರೂರು ಸುತ್ತಿದ್ದು ಮೂಕ ನ್ಸಾಲಾನ ಚಿತ್ರ, ಕತ್ತಲಲ್ಲಿ ಕೊಳೆತದ್ದು ಲೊಂಟುಲುವಿನ ಮಾತು.

ಈಗ ನಾವು ಮಾಡ್ತಿರೋದೇನು? ಲ್ಯಾಂಟರ್ನ್ ಸಭೆಗಳಿಗಿಂತ ಒಂದು ಹೆಜ್ಜೆ ಹಿಂದೆ. ಆಲಿಸ್ ಕನಿಷ್ಠ ಅವನ ಹೆಸರು, ಮಗಳ ಹೆಸರು ಕೇಳಿ ಬರೆದಿಟ್ಟಿದ್ದಳು. ನಾವು ಅದನ್ನೂ ಕಿತ್ತುಹಾಕಿ, ನಮ್ಮ ನಮ್ಮ ಜಗಳಕ್ಕೆ ಅವನನ್ನು ಮತ್ತೆ ಜಗಲಿಯ ಮೇಲೆ ಕೂರಿಸ್ತಾ ಇದ್ದೀವಿ. ಮುಂದಿನ ಸಲ ಆ ಫೋಟೋ ಹಾಕೋರು ದಯವಿಟ್ಟು ಬೋಆಲಿ ಅಂತ ಹೆಸರು ಬರೀರಿ. ಕೆಳಗೆ ಕಡ್ಡಿಗಳ ಕತೆಯನ್ನೂ ಸೇರಿಸಿ. ಅಷ್ಟು ಟೈಪ್ ಮಾಡೋಕೆ ಪುರುಸೊತ್ತಿಲ್ಲ ಅಂದ್ರೆ, ಫೋಟೋನೂ ಹಾಕಬೇಡಿ.