ಲಂಡನ್ನಿನ ಚಪ್ಪಾಳೆ ಬೇಕಿತ್ತೇ?

ಹೈದರಾಬಾದಿನ ನಮ್ಮ ಹಾಸ್ಟೆಲಿನಲ್ಲಿ ದಿನಾ ಎಸಿ/ಡಿಸಿ ಹಾಡು ಹಚ್ತಾರೆ. 1973ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಆ ತಂಡ, ಹಾಡುಗಾರ ಬಾನ್ ಸ್ಕಾಟ್ 1980ರಲ್ಲಿ ತೀರಿಕೊಂಡರೂ ಅದೇ ವರ್ಷ ‘ಬ್ಯಾಕ್ ಇನ್ ಬ್ಲ್ಯಾಕ್’ ತಂದು ಜಗತ್ತನ್ನೇ ಗೆದ್ದಿತು. ‘ಅವರದು ಇಂಗ್ಲಿಷು, ಗೆದ್ದರು. ಕನ್ನಡದಾಗ ಹಾಡಿದ್ರ ಯಾರು ಕೇಳ್ತಾರ?’ ಅಂದ ನಮ್ಮ ಬೀದರಿನ ಗೆಳೆಯ.

ಕೇಳಿದ್ದಾರಲ್ಲ! ಮೈಸೂರಿನ ರಘು ದೀಕ್ಷಿತ್ 2008ರ ಮೊದಲ ಆಲ್ಬಮಿನಲ್ಲೇ, ಹಿಂದಿ ಹಾಡುಗಳ ಜೊತೆಗೆ, ಶಿಶುನಾಳ ಶರೀಫರ ಪದಗಳಿಗೆ ಗಿಟಾರು ಕೂಡಿಸಿದರು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಅವರಿಗೆ ಹೊಸಬರ ಪ್ರಶಸ್ತಿ ಕೊಟ್ಟಿತು.

ನಾಚಿಕೆಯ ಮಾತೆಂದರೆ, ಕನ್ನಡ ಶಾಲೆಯಲ್ಲೇ ಓದಿದ ನಾನು ಶರೀಫರನ್ನು ಕಿವಿಗೊಟ್ಟು ಕೇಳಿದ್ದು ಆ ಸುದ್ದಿ ತಿಳಿದ ಮೇಲೆಯೇ. ಕಾಮರ್ಸ್ ಓದುವ ನಾವು ಮನೆಯ ಬಂಗಾರಕ್ಕೆ ಪರದೇಶದವರಿಂದ ಬೆಲೆ ಕಟ್ಟಿಸಬೇಕೇ? ಈ ಸಲದ ಕಾಲೇಜು ಸಮಾರಂಭದಲ್ಲಿ ಶರೀಫರ ಒಂದು ಪದ ನಾವೇ ಹಾಡೋಣ.